ಆಯ್ಕೆಯಾಗಿಲ್ಲ ಅಂತ ಮೇಲ್ ಬಂದ ಮೇಲೆ ಬೆಳಿಗ್ಗೆ ಕುಂಚ ಹಿಡಿಯುವುದು ಹೇಗೆ? (ಮೈಸೂರು, ಮಂಡ್ಯದ ಕಲಾವಿದರಿಗೆ)

ನೀರುಬಣ್ಣ_ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ನೀರುಬಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಮನೆ ಖರ್ಚಿಗೆ ಶನಿವಾರ, ಭಾನುವಾರ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್. ನಡುನಡುವೆ ಯಾರಾದರೂ ಕೇಳಿದರೆ ತೀರಿಹೋದ ಅಪ್ಪ ಅಮ್ಮನ ಫೋಟೊ ನೋಡಿ ಭಾವಚಿತ್ರ, ಇಲ್ಲಾ ಹೋಟೆಲಿನ ಗೋಡೆಗೊಂದು ಚಿತ್ರ. ನನ್ನದು ಅಂತ ಬರೆಯುವುದು ಮಾತ್ರ ಕೆರೆ, ಮಂಜು, ಮರ. ಹೋದ ಮಾಗಿಯಿಂದ ಕುಕ್ಕರಹಳ್ಳಿ ಕೆರೆಯನ್ನೇ ಹಿಡಿದು ಕೂತಿದ್ದೇನೆ.

ಆ ಚಿತ್ರಗಳನ್ನು ಬೆಂಗಳೂರಿನ ಒಂದು ಗ್ಯಾಲರಿಗೆ ಕಳಿಸಿದ್ದೆ. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಹೋದ ವಾರ ಎರಡು ಸಾಲಿನ ಮೇಲ್ ಬಂತು. ಈ ಸಲದ ಪ್ರದರ್ಶನಕ್ಕೆ ನಿಮ್ಮ ಕೃತಿಗಳು ಹೊಂದುತ್ತಿಲ್ಲ ಅಂತ. ಯಾಕೆ ಹೊಂದುತ್ತಿಲ್ಲ, ಯಾವುದು ಹೊಂದುತ್ತಿಲ್ಲ, ಏನೂ ಇಲ್ಲ. ಕೆಳಗೆ ‘ಶುಭವಾಗಲಿ’.

ಬೇಜಾರಾಗುತ್ತದೆ ಅನ್ನುವುದು ಗೊತ್ತಿದ್ದದ್ದೇ. ಹೊಸ ತೊಂದರೆ ಬೇರೆ. ನನ್ನ ಕೆಲಸಕ್ಕೆ ಬೇಕಾದ ಬೆಳಕು ಇರುವುದು ಈಗ, ಡಿಸೆಂಬರ್, ಜನವರಿಯಲ್ಲಿ. ಸೂರ್ಯ ಮೂಡಿದ ಮೇಲೆ ಮಂಜು ಎದ್ದು ಕರಗುವ ತನಕ ಎಷ್ಟು ಹೊತ್ತೋ ಅಷ್ಟೇ. ಅಷ್ಟು ಹೊತ್ತೂ ನಾನು ಅಡುಗೆಮನೆಯಲ್ಲಿ ನಿಂತು ಆ ಎರಡು ಸಾಲನ್ನೇ ಓದುತ್ತಿದ್ದೇನೆ. ತಲೆ ಎತ್ತುವಷ್ಟರಲ್ಲಿ ಬಿಸಿಲು ಬಿಳಿಯಾಗಿರುತ್ತದೆ. ಇನ್ನು ನಮ್ಮತ್ತೆ. ‘ಆ ಸ್ಕೂಲಲ್ಲಿ ಟೀಚರ್ ಕೆಲಸ ಖಾಲಿ ಇದೆಯಂತೆ ಕಣಮ್ಮ’ ಅಂತ ಕಾಫಿ ಕೊಡುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ.

ಸಮಾಧಾನ ಹೇಳಬೇಡಿ ದಯವಿಟ್ಟು. ಮೇಲ್ ಬಂದ ಮಾರನೇ ಬೆಳಿಗ್ಗೆ ನೀವು ನಿಜವಾಗಿ ಏನು ಮಾಡುತ್ತೀರಿ, ಅದನ್ನು ಹೇಳಿ.

ಒಂಟಿಕೊಪ್ಪಲು_ರಾಯರು

ಮೇಡಂ, ನಮ್ಮೂರಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ. ನಮ್ಮಲ್ಲಿ ಓದುವಷ್ಟು ಪ್ರತಿಭೆ ನಿಮಗಿಲ್ಲ ಅಂತ ಬರೆದು ಕಳಿಸಿತ್ತು. ಅವರು ಇಲ್ಲೇ ಮಹಾರಾಜ ಕಾಲೇಜಿನಲ್ಲಿ ಓದಿದರು. ಮುಂದೆ ಏನಾದರು ಅಂತ ದೇಶಕ್ಕೇ ಗೊತ್ತು. ಧೈರ್ಯವಾಗಿರಿ.

ಸೀದಾಮಾತು

ರಾಯರೇ, ಸಮಾಧಾನ ಬೇಡ ಅಂದರಲ್ಲ ಅವರು 😀

ಲಕ್ಷ್ಮಣ್ ಕತೆ ನಿಜ, ಆದರೆ ನಮಗೆ ಅದರಿಂದ ಏನೂ ಉಪಯೋಗವಿಲ್ಲ. ಆ ವರ್ಷ ಅದೇ ಶಾಲೆ ಬೇಡ ಅಂದ ಉಳಿದವರೆಲ್ಲ ಏನಾದರು? ಅವರ ಕತೆ ಯಾರೂ ಹೇಳುವುದಿಲ್ಲ. ಕೊನೆಗೆ ಗೆದ್ದವರನ್ನು ಮಾತ್ರ ತೋರಿಸಿದರೆ, ಗೆಲ್ಲದಿದ್ದವರ ದುಡಿಮೆಯೆಲ್ಲ ದಂಡ ಅಂದಂತಾಗುತ್ತದೆ. ಹೆಸರು ಬರದೆಯೂ ಮೂವತ್ತು, ನಲವತ್ತು ವರ್ಷ ಕೆಲಸ ಮಾಡಿಕೊಂಡು ಬಂದವರು ಮಾತಾಡಲಿ. ಈ ವೇದಿಕೆಯಲ್ಲಿ ಅಂಥವರೇ ಜಾಸ್ತಿ.

ಮಂಡ್ಯ_ಬೋರ್ಡ್

ಹಾಗಾದರೆ ನಾನು ಹೇಳಬಹುದು. ಅಕ್ಕಾ, ನಾನು ಮಂಡ್ಯದಲ್ಲಿ ಬೋರ್ಡ್ ಬರೆಯುತ್ತಿದ್ದವನು. ಅಂಗಡಿ ಹೆಸರು, ಶಟರ್ ಮೇಲೆ ಜಾಹೀರಾತು, ಚುನಾವಣೆ ಬಂದರೆ ಗೋಡೆ ಬರಹ, ಲಾರಿಯ ಹಿಂದೆ ಅಕ್ಷರ. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದು, ಚಪ್ಪಟೆ ಕುಂಚದಲ್ಲಿ ಎನಾಮೆಲ್ ಎಳೆದರೆ ಅಕ್ಷರ ನಿಲ್ಲಬೇಕು. ‘ಶ್ರೀ’ ಒಂದೇ ಎಳೆತಕ್ಕೆ ಬರಬೇಕು ಅಂತ ನಮ್ಮ ಗುರುಗಳು ತಿಂಗಳುಗಟ್ಟಲೆ ಅದನ್ನೇ ಬರೆಸಿದ್ದರು.

ಆಮೇಲೆ ಫ್ಲೆಕ್ಸ್ ಬಂತು. ನನಗೆ ಯಾರೂ ಪತ್ರ ಬರೆಯಲಿಲ್ಲ. ಎರಡು ಸಾಲೂ ಇಲ್ಲ. ಗಿರಾಕಿಗಳು ಸುಮ್ನೆ ಬರುವುದು ನಿಲ್ಲಿಸಿದರು. ಎದುರಿಗೆ ಸಿಕ್ಕಿದರೆ ‘ಏನಣ್ಣ, ಚೆನ್ನಾಗಿದ್ದೀಯಾ’ ಅನ್ನುತ್ತಾರೆ, ಪಕ್ಕದಲ್ಲೇ ಅವರ ಅಂಗಡಿಗೆ ಹೊಸ ಫ್ಲೆಕ್ಸ್ ನೇತಾಡುತ್ತಿರುತ್ತದೆ. ನಿಮ್ಮ ಮೇಲ್ ವಾಸಿ ಅನ್ನುವುದಿಲ್ಲ. ಆದರೆ ಬೇಡ ಅಂತ ಯಾರೋ ಬಾಯಿಬಿಟ್ಟು ಹೇಳಿದ್ದಾರಲ್ಲ, ಅಷ್ಟಾದರೂ ಮರ್ಯಾದೆ ಸಿಕ್ಕಿದೆ.

ಬೆಳಿಗ್ಗೆ ಏನು ಮಾಡುತ್ತೀರಿ ಅಂದಿರಿ. ನಾನು ಡಬ್ಬಿ ತೊಳೆಯುತ್ತಿದ್ದೆ. ಕೆಲಸ ಇರಲಿ ಬಿಡಲಿ, ಎದ್ದ ತಕ್ಷಣ ಕುಂಚಗಳನ್ನು ಟರ್ಪೆಂಟೈನಿನಲ್ಲಿ ಅದ್ದಿ, ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ ಇಡುವುದು. ಕೈ ಒದ್ದೆಯಾದ ಮೇಲೆ ಫೋನು ಮುಟ್ಟಲು ಆಗುವುದಿಲ್ಲ. ಅಷ್ಟೇ ಗುಟ್ಟು. ಮಾಗಿಯಲ್ಲಿ ಇನ್ನೊಂದು ಅನುಕೂಲ ಇತ್ತು. ರಾತ್ರಿ ಇಬ್ಬನಿ ಬಿದ್ದ ತಗಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಬಿಸಿಲು ಬಿದ್ದು ಶಟರ್ ಒಣಗುವ ತನಕ ಕಾಯಲೇಬೇಕು. ಕಾಯುವುದೂ ಕೆಲಸದ ಲೆಕ್ಕಕ್ಕೇ ಸೇರುತ್ತಿತ್ತು, ಅದಕ್ಕೆ ಬೇಜಾರಿಗೆ ಜಾಗ ಕಡಿಮೆ.

ಈಗ ಸರ್ಕಾರಿ ಶಾಲೆಗಳ ನಲಿ-ಕಲಿ ಕೋಣೆಗಳಿಗೆ ಗೋಡೆ ಚಿತ್ರ ಬರೆಯುತ್ತೇನೆ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೈಲರ್‌ಗಳಿಗೆ ಹೆಸರು ಬರೆಸಲು ಬರುತ್ತಾರೆ. ಕಬ್ಬಿನ ಧೂಳಲ್ಲಿ ಫ್ಲೆಕ್ಸ್ ತಾಳುವುದಿಲ್ಲ ನೋಡಿ.

ನೆರಳುಕೋಲು (ನಿವೃತ್ತ ಭೌತಶಾಸ್ತ್ರ ಮೇಷ್ಟ್ರು)

ನನಗೆ ಚಿತ್ರ ಬರೆಯಲು ಬರುವುದಿಲ್ಲ, ಬೆಳಕಿನ ಬಗ್ಗೆ ಹೇಳಬಲ್ಲೆ. ನಿಮ್ಮ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ತಾಯಿ?

ಕೇಳಿದ್ದಕ್ಕೆ ಕಾರಣ ಇದೆ. ಚಿತ್ರ ಬರೆಯುವ ಕೋಣೆಗೆ ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ಬರುವುದಿಲ್ಲ, ದಿನವಿಡೀ ಬೆಳಕು ಒಂದೇ ಸಮ ಇರುತ್ತದೆ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ಯುರೋಪಿನ ಮಾತು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಮೈಸೂರು ಇರುವುದು ಹೆಚ್ಚುಕಡಿಮೆ 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ಆಗಸ್ಟ್ ಮೂರನೇ ವಾರದ ತನಕ ಮಧ್ಯಾಹ್ನ ಅಲ್ಲೇ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ಉತ್ತರದ ಕಿಟಕಿಗೂ ಬಿಸಿಲು ಹೊಡೆಯುತ್ತದೆ.

ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಮಾತ್ರ ಸೂರ್ಯ ಹುಟ್ಟುವುದರಿಂದ ಮುಳುಗುವ ತನಕ ದಕ್ಷಿಣದ ಕಡೆಯೇ ಇರುತ್ತಾನೆ. ಅಂದರೆ ಪುಸ್ತಕದಲ್ಲಿರುವ ಆ ಉತ್ತರದ ಬೆಳಕು ಮೈಸೂರಿಗೆ ಸಿಗುವುದು ಮಾಗಿಯ ಆಚೀಚೆ ಆರು ತಿಂಗಳು.

ಡಿಸೆಂಬರ್ 21ರ ಸುಮಾರಿಗೆ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ನಡುಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಒಂದು ಮೀಟರ್ ಕೋಲು ನೆಟ್ಟರೆ ಆಗಲೂ 72 ಸೆಂಟಿಮೀಟರ್ ನೆರಳು. ಜೂನ್ 21ಕ್ಕೆ ಅದೇ ಕೋಲಿಗೆ 20 ಸೆಂಟಿಮೀಟರ್, ಅದೂ ದಕ್ಷಿಣದ ಕಡೆಗೆ. ನೀವೆಲ್ಲ ಮಾಗಿ ಬೆಳಕು ಅಂತ ಮೆಚ್ಚುವುದು ಈ ಓರೆಯನ್ನೇ.

ಇನ್ನೊಂದು ವಿಷಯ. ಡಿಸೆಂಬರ್ 21 ಅತಿ ಚಿಕ್ಕ ಹಗಲು, ಆದ್ದರಿಂದ ಅವತ್ತೇ ಸೂರ್ಯ ಅತಿ ತಡವಾಗಿ ಮೂಡುತ್ತಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅವತ್ತು ನಮ್ಮಲ್ಲಿ 6:40ರ ಆಸುಪಾಸು. ಜನವರಿ ಮೂರನೇ ವಾರಕ್ಕೆ 6:50ರ ಹತ್ತಿರ ಹೋಗುತ್ತದೆ. ಸಂಕ್ರಾಂತಿ ಆದರೂ ಬೆಳಿಗ್ಗೆ ಏಳಲು ಕಷ್ಟ ಅನ್ನುವವರು ಸೋಮಾರಿಗಳಲ್ಲ!

ನೀರುಬಣ್ಣ_ಸರಸ್ವತಿಪುರಂ

ಮೇಷ್ಟ್ರೇ, ಕಿಟಕಿ ಉತ್ತರಕ್ಕೇ ಇದೆ! ಮೇ ತಿಂಗಳಲ್ಲಿ ಟೇಬಲ್ ಮೇಲೆ ಬಿಸಿಲು ಬಿದ್ದು ಕಾಗದ ಕಣ್ಣಿಗೆ ಹೊಡೆಯುತ್ತಿತ್ತು. ಕಟ್ಟಿದವರು ದಿಕ್ಕು ತಪ್ಪಿ ಕಟ್ಟಿದ್ದಾರೇನೋ ಅಂತ ನಮ್ಮವರ ಹತ್ತಿರ ಹೇಳಿದ್ದೆ.

ಅಂದರೆ ಕೆರೆಯ ಹತ್ತಿರ ಮಂಜು ತಪ್ಪಿಹೋದರೂ, ಮನೆಯಲ್ಲಿ ಕೂತು ಮುಗಿಸುವ ಕೆಲಸಕ್ಕೆ ಈಗ ದಿನವಿಡೀ ಒಳ್ಳೆಯ ಬೆಳಕು ಇದೆ ಅಂತಾಯಿತು. ಆ ಎರಡು ಗಂಟೆ ಹೋದರೆ ದಿನವೇ ಹೋಯಿತು ಅಂತ ಕೂರುತ್ತಿದ್ದೆ.

ಮಕ್ಕಿಸಫೇದ

ಮೇಷ್ಟ್ರು ಓರೆ ಬೆಳಕಿನ ಮಾತು ತೆಗೆದರಲ್ಲ, ನನಗೆ ಬಾಯಿ ಸುಮ್ಮನಿರುವುದಿಲ್ಲ. ನಾನು ಮೈಸೂರು ಸಾಂಪ್ರದಾಯಿಕ ಶೈಲಿಯವನು. ನಮ್ಮ ಚಿತ್ರದಲ್ಲಿ ಒಡವೆ, ಪ್ರಭಾವಳಿ, ಜರಿಯಂಚಿಗೆಲ್ಲ ಮಕ್ಕಿ ಸಫೇದದಲ್ಲಿ, ಅಂದರೆ ಬಿಳಿ ಪುಡಿಗೆ ಅಂಟು ಕಲಸಿದ ಲೇಪದಲ್ಲಿ, ಗೆಸ್ಸೊ ಅನ್ನುವ ಉಬ್ಬು ಎತ್ತುತ್ತೇವೆ. ಆಮೇಲೆ ಅದರ ಮೇಲೆ ಚಿನ್ನದ ರೇಕು. ಕೊನೆಗೆ ತೆಳು ಕಾಗದ ಹಾಸಿ ನುಣುಪು ಕಲ್ಲಿನಲ್ಲಿ ಉಜ್ಜುವುದು. ತಂಜಾವೂರಿನವರ ಉಬ್ಬು ದಪ್ಪ. ನಮ್ಮದು ತೀರಾ ತೆಳು, ಬೆರಳು ಆಡಿಸಿದರೆ ಗೊತ್ತಾಗಬೇಕು ಅಷ್ಟೇ. ಎದುರಿನಿಂದ ಟ್ಯೂಬ್‌ಲೈಟ್ ಬಿಟ್ಟರೆ ಆ ಉಬ್ಬು ಕಾಣುವುದೇ ಇಲ್ಲ. ಪಕ್ಕದಿಂದ ತಗ್ಗಿ ಬರುವ ಬೆಳಕು ಬೇಕು. ನಾನು ಗೆಸ್ಸೊ ತಪಾಸಣೆ ಇಟ್ಟುಕೊಳ್ಳುವುದೇ ಧನುರ್ಮಾಸದ ಬೆಳಗಿನಲ್ಲಿ. ಗೆರೆ ಎಲ್ಲಿ ಒಡೆದಿದೆ, ಎಲ್ಲಿ ದಪ್ಪವಾಗಿದೆ, ಯಾವುದೂ ಮುಚ್ಚಿಕೊಳ್ಳುವುದಿಲ್ಲ.

ವಾಪಸ್ ಬಂದ ಕೆಲಸದ ಬಗ್ಗೆ ಹೇಳುತ್ತೇನೆ. ಒಬ್ಬರು ಮದುವೆ ಉಡುಗೊರೆಗೆ ಅಂತ ಗಜಲಕ್ಷ್ಮಿ ಬರೆಸಿದರು. ತಿಂಗಳಾನುಗಟ್ಟಲೆ ಕೂತು ಮುಗಿಸಿದೆ. ಮನೆಗೆ ಒಯ್ದು ನೋಡಿ ವಾಪಸ್ ಕಳಿಸಿದರು. ಯಾಕೆ ಅಂದರೆ ‘ಉಬ್ಬಿಲ್ಲ, ಕಲ್ಲು ಕೂರಿಸಿಲ್ಲ, ಫಳಫಳ ಅನ್ನುವುದಿಲ್ಲ.’ ಅವರಿಗೆ ಬೇಕಿದ್ದದ್ದು ತಂಜಾವೂರು ಚಿತ್ರ, ಬಂದದ್ದು ನನ್ನ ಹತ್ತಿರ. ಇಲ್ಲಿ ಅವರದ್ದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ. ಇನ್ನೊಂದು ಸಲ, ಕೆಲಸ ಬಲ್ಲ ಹಿರಿಯರೊಬ್ಬರು ನನ್ನ ಸರಸ್ವತಿಯ ಕೈ ನೋಡಿ ‘ಇದು ವೀಣೆ ಹಿಡಿದ ಕೈ ಅಲ್ಲ’ ಅಂದರು. ಅದು ಚುಚ್ಚಿತು, ಯಾಕೆಂದರೆ ನಿಜ. ಮೊದಲನೆಯದನ್ನು ಮರೆತೆ, ಎರಡನೆಯದನ್ನು ಇಟ್ಟುಕೊಂಡೆ. ಬೇಡ ಅಂದವರಿಗೆ ಕೆಲಸ ಗೊತ್ತಿತ್ತೇ ಅನ್ನುವುದನ್ನು ಮೊದಲು ನೋಡಿ. ನಿಮಗೆ ಬಂದ ಮೇಲ್ ಎರಡಕ್ಕೂ ಸೇರಿಲ್ಲ. ಅದರಲ್ಲಿ ಮಾತೇ ಇಲ್ಲವಲ್ಲ. ಅದನ್ನು ಇಷ್ಟು ಸಲ ಓದಿ ಏನು ಸಿಗುತ್ತದೆ?

ನೀರುಬಣ್ಣದವರು ಬಿಡುವಾದಾಗ ಜಗನ್ಮೋಹನ ಅರಮನೆಗೆ ಹೋಗಿ ಹಾಲ್ದಣ್‌ಕರ್ ಅವರ ದೀಪ ಹಿಡಿದ ಮಹಿಳೆಯನ್ನು ಇನ್ನೊಂದು ಸಲ ನೋಡಿ ಬನ್ನಿ. ಅರ್ಧ ಜನ ಅದನ್ನು ರವಿವರ್ಮನದು ಅಂದುಕೊಂಡೇ ಆಚೆ ಬರುತ್ತಾರೆ. ತೈಲವರ್ಣ ಅಂದುಕೊಂಡೂ ಬರುತ್ತಾರೆ. ಅದು ನೀರುಬಣ್ಣ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿನ ಆ ಕೆಂಪು ನೋಡಿ. ಬರೆದವನ ಹೆಸರೇ ಗೊತ್ತಿಲ್ಲದೆ ಜನ ಅದರ ಮುಂದೆ ನಿಲ್ಲುತ್ತಾರೆ.

ಕಾವಾ_ಹುಡುಗ

ಎಲ್ಲರೂ ಇಷ್ಟು ತಣ್ಣಗೆ ಮಾತಾಡುತ್ತಿದ್ದೀರಿ, ನನಗೆ ಮಾತ್ರ ಸಿಟ್ಟು ಬರುತ್ತಿದೆ. ಬೆಂಗಳೂರಿನ ಗ್ಯಾಲರಿಗಳಿಗೆ ಮೈಸೂರಿನವರು ಅಂದರೆ ಗಂಧದ ಪೆಟ್ಟಿಗೆ, ಅರಮನೆ, ಚಿನ್ನದ ರೇಕು. ಕೆರೆ ಬರೆದರೆ ‘ಲ್ಯಾಂಡ್‌ಸ್ಕೇಪಾ?’ ಅಂತ ಮೂಗು ಮುರಿಯುತ್ತಾರೆ. 1906ರಲ್ಲೇ ಅಡಿಗಲ್ಲು ಬಿದ್ದ ಕಲಾಶಾಲೆ, ನಮ್ಮ ಕಾವಾ, ಇರುವ ಊರು ನಮ್ಮದು. ಕೆ. ವೆಂಕಟಪ್ಪನವರು ಹುಟ್ಟಿದ್ದು ಇಲ್ಲೇ. ಅವರು ಊಟಿಯ ಮಂಜು, ಬೆಟ್ಟ, ಬಿಸಿಲನ್ನೇ ನೀರುಬಣ್ಣದಲ್ಲಿ ಬರೆದರು. ಅದು ಲ್ಯಾಂಡ್‌ಸ್ಕೇಪ್ ಅಲ್ವಾ? ಅಕ್ಕಾ, ಸುಮ್ಮನಿರಬೇಡಿ. ಕಾರಣ ಕೇಳಿ ಒಂದು ಖಾರವಾದ ಮೇಲ್ ಹಾಕಿ.

ಜೂರಿ_ಕುರ್ಚಿ

ಖಾರದ ಮೇಲ್ ಹಾಕಬೇಡಿ. ಕಾರಣ ಬೇಕಿದ್ದರೆ ಮೂರು ಸಾಲಿನಲ್ಲಿ ಮರ್ಯಾದೆಯಿಂದ ಕೇಳಿ. ಉತ್ತರ ಬಂದರೆ ಬಂತು, ಬರದಿದ್ದರೆ ಅಲ್ಲಿಗೆ ಬಿಡಿ.

ನಾನು ಕೆಲವು ಸಲ ಆಯ್ಕೆ ಸಮಿತಿಯಲ್ಲಿ ಕೂತಿದ್ದೇನೆ. ಎಲ್ಲಿ ಅಂತ ಹೇಳುವುದಿಲ್ಲ. ಒಳಗೆ ಏನು ನಡೆಯುತ್ತದೆ ಅಂದರೆ, ಮೊದಲ ಸುತ್ತಿನಲ್ಲಿ ಯಾರೂ ಚಿತ್ರ ನೋಡುವುದಿಲ್ಲ, ಚಿತ್ರದ ಫೋಟೊ ನೋಡುತ್ತಾರೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದಾದ ಮೇಲೊಂದು ಓಡುತ್ತಿರುತ್ತದೆ. ಅಲ್ಲಿ ನೀರುಬಣ್ಣದ ಮಂಜಿಗೆ ಆಗುವಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗುವುದಿಲ್ಲ. ನೀರುಬಣ್ಣದಲ್ಲಿ ಮಂಜು ಅಂದರೆ ಕಾಗದದ ಬಿಳುಪನ್ನೇ ಉಳಿಸಿಕೊಳ್ಳುವುದು. ಚೌಕಟ್ಟು ತುಂಬ ಬಿಳಿ ಇದ್ದರೆ ಫೋನಿನ ಕ್ಯಾಮೆರಾ ಅದನ್ನು ತಾನಾಗಿಯೇ ಬೂದು ಮಾಡಿಬಿಡುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಮೇಲೆ ಹಸಿರು ಛಾಯೆ ಬೇರೆ. ನೀವು ಕಷ್ಟಪಟ್ಟು ಉಳಿಸಿದ ಬೆಳಕು ನಮ್ಮ ಪರದೆಗೆ ಬರುವಷ್ಟರಲ್ಲಿ ಕೊಳೆ ನೀರಾಗಿರುತ್ತದೆ.

ಆ ಉತ್ತರದ ಕಿಟಕಿಯನ್ನೇ ಬಳಸಿ. ಬೆಳಿಗ್ಗೆ ಹತ್ತರ ನಂತರ ಲೈಟೆಲ್ಲ ಆರಿಸಿ, ಚಿತ್ರವನ್ನು ಫ್ರೇಮಿನಿಂದ ಹೊರಗೆ ತೆಗೆದು ಕಿಟಕಿಗೆ ಪಕ್ಕವಾಗಿ ನೆಟ್ಟಗೆ ನಿಲ್ಲಿಸಿ. ಎದುರು ಬದಿಗೆ ಬಿಳಿ ಥರ್ಮಕೋಲ್ ಇಟ್ಟರೆ ಎರಡೂ ಕಡೆ ಬೆಳಕು ಸಮ ಆಗುತ್ತದೆ. ಕ್ಯಾಮೆರಾ ಚಿತ್ರದ ನಡುಮಧ್ಯದ ಎತ್ತರಕ್ಕಿರಲಿ. ಎಕ್ಸ್‌ಪೋಷರ್ ಸ್ವಲ್ಪ ಮೇಲೆ ಏರಿಸಿ, ಕಾಗದದ ಅಂಚಿನ ಬಿಳಿ ಫೋಟೊದಲ್ಲೂ ಬಿಳಿಯಾಗಿ ಕಾಣುವ ತನಕ. ಒಂದು ಚಿತ್ರದ ತುಣುಕನ್ನು ಹತ್ತಿರದಿಂದ ತೆಗೆದು ಸೇರಿಸಿ, ಕಾಗದದ ಮೈ ಕಾಣಲಿ.

ಇಷ್ಟೆಲ್ಲ ಮಾಡಿದರೂ ಆಯ್ಕೆಯಾಗದೆ ಇರಬಹುದು. ‘ಹೊಂದುತ್ತಿಲ್ಲ’ ಅನ್ನುವುದು ಕೆಲವೊಮ್ಮೆ ಅಕ್ಷರಶಃ ನಿಜ. ಕ್ಯುರೇಟರ್ ನಗರದ ಕಸದ ಬಗ್ಗೆ ಪ್ರದರ್ಶನ ಯೋಚಿಸುತ್ತಿದ್ದರೆ ಕೆರೆ ಎಷ್ಟು ಚೆನ್ನಾಗಿದ್ದರೂ ಹೊರಗೇ. ಕೆಲವೊಮ್ಮೆ ಚಿತ್ರ ಸಾಧಾರಣ ಅಂತಲೂ ಅರ್ಥ. ಯಾವುದು ಅಂತ ಮೇಲ್ ನೋಡಿ ತಿಳಿಯುವುದಿಲ್ಲ. ನಿಮ್ಮ ಕೆಲಸ ಬಲ್ಲ ಇಬ್ಬರಿಗೆ ಮೂಲ ಚಿತ್ರವನ್ನೇ ತೋರಿಸಿ ಕೇಳಿ.

ಕಾವಾ_ಹುಡುಗ

ಫೋಟೊ ವಿಷಯ ಒಪ್ಪಿದೆ ಸರ್. ಬೆಂಗಳೂರಿನವರ ವಿಷಯ ಒಪ್ಪುವುದಿಲ್ಲ.

ಜೂರಿ_ಕುರ್ಚಿ

ಒಪ್ಪಬೇಡಿ. ಸ್ವಲ್ಪ ನಿಜವೂ ಇದೆ ಅದರಲ್ಲಿ.

ಲೆಡ್ಜರ್_ಲಕ್ಷ್ಮಿ

ಯಾರೂ ಹೇಳದ ಮಾತು ನಾನು ಹೇಳಲಾ? ನಾನು ಕಳಿಸುವುದನ್ನೇ ನಿಲ್ಲಿಸಿದವಳು. ಬ್ಯಾಂಕಿನಲ್ಲಿ ಕೆಲಸ. ಬರೆಯುವುದು ಬಿಟ್ಟಿಲ್ಲ, ಅರ್ಜಿ ಹಾಕುವುದು ಬಿಟ್ಟೆ. ವರ್ಷಕ್ಕೊಮ್ಮೆ ನಮ್ಮ ಅಪಾರ್ಟ್‌ಮೆಂಟ್ ಹಾಲಿನಲ್ಲಿ ಗೋಡೆಗೆ ತೂಗುಹಾಕುತ್ತೇನೆ. ಪಕ್ಕದ ಮನೆಯವರು ಬಂದು ಕಾಫಿ ಕುಡಿದು ನೋಡಿ ಹೋಗುತ್ತಾರೆ. ಒಂದೆರಡು ಮಾರಾಟವೂ ಆಗುತ್ತದೆ. ನಿಮ್ಮತ್ತೆಯ ಮಾತು ಅಷ್ಟೊಂದು ಕೆಟ್ಟದ್ದಲ್ಲ. ತಿಂಗಳ ಸಂಬಳ ಬರುತ್ತಿದ್ದರೆ ‘ಹೊಂದುತ್ತಿಲ್ಲ’ ಅನ್ನುವ ಮೇಲ್ ಹೊಟ್ಟೆಗೆ ತಾಗುವುದಿಲ್ಲ, ಬರೀ ಮನಸ್ಸಿಗೆ ತಾಗುತ್ತದೆ. ಎರಡಕ್ಕೂ ಒಟ್ಟಿಗೆ ತಾಗಿದರೆ ತಡೆಯುವುದು ಕಷ್ಟ.

ಸೀದಾಮಾತು

ಆದರೆ ಸ್ಕೂಲ್ ಟೀಚರ್ ಆದರೆ ಬೆಳಿಗ್ಗೆ ಎಂಟೂವರೆಗೆ ಪ್ರಾರ್ಥನೆಗೆ ನಿಂತಿರಬೇಕು. ಮಂಜು ಬರೆಯುವವರಿಗೆ ಆ ಕೆಲಸ ಹೇಗೆ ಹೊಂದುತ್ತದೆ? ಮಧ್ಯಾಹ್ನದ ಕೆಲಸ ಹುಡುಕಿಕೊಳ್ಳಿ ಅನ್ನಿ, ಒಪ್ಪುತ್ತೇನೆ.

ಲೆಡ್ಜರ್_ಲಕ್ಷ್ಮಿ

ಹೌದು, ಅದು ನನಗೆ ಹೊಳೆಯಲಿಲ್ಲ. ನಾನು ಬರೆಯುವುದು ರಾತ್ರಿ.

ಒಂಟಿಕೊಪ್ಪಲು_ರಾಯರು

ಇನ್ನೊಂದು ಮಾತು, ಇದು ಸಮಾಧಾನ ಅಲ್ಲ. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಹೀಗೇ ಆದರೆ ಅದನ್ನು ಕಲಾವಿದರ ಸ್ವಭಾವ ಅಂತ ತಳ್ಳಿಹಾಕಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಮನೆಯಲ್ಲೊಬ್ಬರಿಗೆ ಉಪಯೋಗವಾಗಿದೆ.

ನೀರುಬಣ್ಣ_ಸರಸ್ವತಿಪುರಂ

ರಾಯರೇ, ನಂಬರ್ ಬರೆದುಕೊಂಡೆ. ಸದ್ಯಕ್ಕೆ ನಿದ್ದೆ ಬರುತ್ತಿದೆ.

ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಮಂಡ್ಯದಣ್ಣ ಹೇಳಿದಂತೆ ಎದ್ದ ತಕ್ಷಣ ಪ್ಯಾಲೆಟ್ ತೊಳೆಯಲು ಕೂತೆ. ಫೋನು ಮುಟ್ಟಲು ಆಗಲಿಲ್ಲ ಅನ್ನುವುದು ನಿಜ. ಕೆರೆಯ ಹತ್ತಿರ ಹೋದರೆ ಅವತ್ತು ಮಂಜೇ ಇಲ್ಲ! ನೀಲಿ ಆಕಾಶ, ವಾಕಿಂಗ್ ಜನ, ಪೆಲಿಕನ್‌ಗಳು. ಮಂಜಿನ ಚಿತ್ರ ಬರಲಿಲ್ಲ. ಏರಿಯ ಮೇಲೆ ಮರಗಳ ನೆರಳು ಉದ್ದಕ್ಕೆ ಬಿದ್ದಿತ್ತು, ಅದನ್ನೇ ಬರೆದೆ. ಬಿಸಿಲು ಬಿದ್ದ ಕಡೆ ಅರಿಶಿನ, ನೆರಳಿನ ಕಡೆ ಅಲ್ಟ್ರಾಮರೀನಿಗೆ ಚೂರು ಬರ್ನ್ಟ್ ಸಿಯೆನ್ನ. ಅಂಥಾ ಚೆನ್ನಾಗಿ ಬಂದಿಲ್ಲ. ಚಳಿಗೆ ಕಾಗದ ಒಣಗಲಿಲ್ಲ, ಎರಡನೇ ಸಲ ಬಣ್ಣ ಹಾಕಿದಾಗ ಅಂಚು ಒಡೆದು ಕಲೆ ಎದ್ದಿತು.

ಮಧ್ಯಾಹ್ನ ಜೂರಿ ಸರ್ ಹೇಳಿದ ಹಾಗೆ ಹಳೆಯ ಚಿತ್ರಗಳ ಫೋಟೊ ಮತ್ತೆ ತೆಗೆದೆ. ಗ್ಯಾಲರಿಗೆ ಕಳಿಸಿದ್ದ ಫೋಟೊ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ಯಾರೋ ಬರೆದ ಹಾಗಿದೆ. ಆ ಗ್ಯಾಲರಿಗೆ ಮತ್ತೆ ಕಳಿಸುವುದಿಲ್ಲ, ಕಾರಣ ಕೇಳಿ ಮೂರು ಸಾಲು ಮಾತ್ರ ಹಾಕಿದ್ದೇನೆ. ಉತ್ತರ ಬಂದಿಲ್ಲ. ಇನ್ನು ಮೇಲ್ ನೋಡುವುದು ಮಧ್ಯಾಹ್ನ ಊಟ ಆದ ಮೇಲೆ ಅಂತ ಮಾಡಿಕೊಂಡಿದ್ದೇನೆ. ಎಷ್ಟು ದಿನ ನಡೆಯುತ್ತದೋ ನೋಡೋಣ.

ಮಕ್ಕಿಸಫೇದ ಸರ್, ನಿಮಗೆ ಮೂಲ ಚಿತ್ರಗಳನ್ನು ತಂದು ತೋರಿಸಬಹುದಾ? ಸರಸ್ವತಿಯ ಕೈ ನೋಡಿದ ಹಿರಿಯರ ಹಾಗೆ ಹೇಳಿದರೂ ಪರವಾಗಿಲ್ಲ.

ಮಕ್ಕಿಸಫೇದ

ತನ್ನಿ. ಹಾಗೇ ಹೇಳುತ್ತೇನೆ. ಸಂಜೆ ಬೇಡ, ಬೆಳಿಗ್ಗೆಯೇ ಬನ್ನಿ, ಲೈಟ್ ಹಾಕಿ ನೀರುಬಣ್ಣ ನೋಡುವುದು ನನಗೆ ಸರಿಬರುವುದಿಲ್ಲ.

ಮಂಡ್ಯ_ಬೋರ್ಡ್

ಅಕ್ಕಾ, ಮಂಜೇ ಬೇಕಿದ್ದರೆ ನಮ್ಮ ಕಡೆ ಬನ್ನಿ. ವಿ.ಸಿ. ನಾಲೆ ಬಯಲಿನಲ್ಲಿ ಗದ್ದೆ ನೀರು ಇರುವುದರಿಂದ ನಿಮ್ಮ ಕೆರೆಗಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ. ಪಕ್ಕದಲ್ಲೇ ನಮ್ಮ ಭಾವನ ಆಲೆಮನೆ, ಹೊಗೆಯೂ ಸೇರಿಕೊಳ್ಳುತ್ತದೆ. ಶನಿವಾರ, ಭಾನುವಾರ ನಿಮಗೆ ಕ್ಲಾಸ್ ಇದೆ, ಆದ್ದರಿಂದ ಬುಧವಾರ ಇಟ್ಟುಕೊಳ್ಳಿ. ಬೆಲ್ಲದ ಪಾಕ ಇಳಿಸುವುದು ಬೆಳಿಗ್ಗೆ ಬೇಗ, ಮೊದಲ ಬಸ್ಸಿಗೇ ಹೊರಡಬೇಕು. ಊಟಕ್ಕೆ ಅವರೆಕಾಳು ಸಾರು, ಮುದ್ದೆ. ಕಾವಾ ಹುಡುಗನೂ ಬರಲಿ, ಆದರೆ ಬೆಂಗಳೂರಿನ ವಿಷಯ ತೆಗೆಯಕೂಡದು.